ಎನ್‌ಎವಿ ಅಂದ್ರ ಏನವಾ ಅಂತ ಅಪ್ಪ ಕೇಳಿದ್ರ ಏನ್ ಹೇಳೋದು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆ ಕಾರಟಗಿ ಕಡೆಯಾಕಿ, ಬಿಕಾಂ ಮುಗಿಸೇನಿ. ಮ್ಯೂಚುವಲ್ ಫಂಡ್ (ಭಾಳ ಮಂದಿ ರೊಕ್ಕ ಕೂಡಿಸಿ ಶೇರು, ಬಾಂಡ್‌ನಾಗ ಹಾಕೋ ಯೋಜನೆ) ಮಾರಿಕೊಡೋ ಡಿಸ್ಟ್ರಿಬ್ಯೂಟರ್ ಆಗಾಕ ಬೇಕಾದ ಎನ್‌ಐಎಸ್‌ಎಂ ಪರೀಕ್ಷೆನೂ ಪಾಸ್ ಆಗೇನಿ, ಇಂಗ್ಲಿಷ್ ಡೆಫಿನಿಷನ್ ಎಲ್ಲಾ ಬಾಯಿಪಾಠ ಅದಾವ. ಆದ್ರ ನೆಲ್ಲು ಮಾರಿದ ರೊಕ್ಕ ಎಲ್ಲಿಡೋಣು ಅಂತ ಅಪ್ಪ ಕೂತು "ಎನ್‌ಎವಿ ಅಂದ್ರ ಏನವಾ" ಅಂತ ಕೇಳಿದ್ರ ನನಗ ಕನ್ನಡದಾಗೂ ಹೇಳಾಕ ಬರವಲ್ದು, ಸರಳ ಇಂಗ್ಲಿಷ್‌ನಾಗೂ ಬರವಲ್ದು. ಈ ಶಬ್ದಗಳನ್ನ ತಿಳ್ಕೊಳ್ಳೋದು, ಮಂದಿಗೆ ತಿಳಿಸಿ ಹೇಳೋದು ಹ್ಯಾಂಗ ಕಲೀಬೇಕು?

ಉತ್ತರ:

ತಂಗಿ, ಪರೀಕ್ಷೆ ಪಾಸ್ ಆದಮ್ಯಾಲೂ ನನಗ ಹೇಳಾಕ ಬರವಲ್ದು ಅಂತ ಒಪ್ಕೊಂಡು ಕೇಳಿದ್ರಲ್ಲ, ಇದು ಭಾಳ ದೊಡ್ಡ ಮಾತು, ಯಾಕಂದ್ರ ನಾ ಈ ಕೆಲಸಕ್ಕ ಬಂದು ಎಷ್ಟೋ ವರ್ಷ ಆದಮ್ಯಾಲ ನನಗ ಇದು ಹೊಳೀತು. ಆ ಪರೀಕ್ಷೆ ಏನ್ ಕೇಳ್ತೈತಿ, ನಾಲ್ಕು ಆಪ್ಷನ್ ಕೊಟ್ಟು ಸರಿಯಾದದ್ದು ಯಾವುದು ಅಂತ ಗುರ್ತಿಸು ಅಂತ ಕೇಳ್ತೈತಿ, ನೂರಕ್ಕ ಐವತ್ತು ಬಂದ್ರ ಸಾಕು. ಗುರ್ತಿಸೋದು ಬ್ಯಾರೆ, ಗೊತ್ತಿರೋದು ಬ್ಯಾರೆ. ಸಂತ್ಯಾಗ ಒಬ್ಬನ ಮಾರಿ ನೋಡಿ ಇಂಥಾ ಊರಾವ ಅಂತ ಗುರ್ತಿಸಬಹುದು, ಅವನಿಗೆ ಸಾಲ ಕೊಡಬಹುದೋ ಇಲ್ಲೋ ಅಂತ ಹೇಳಾಕ ಅವನ ಮನಿ ಮಠ ಎಲ್ಲ ಗೊತ್ತಿರಬೇಕು.

ಮೊದಲು ಒಂದು ಬಿಡ್ರಿ, ಶಬ್ದಕ್ಕ ಶಬ್ದ ಹುಡುಕೋದು ಬಿಡ್ರಿ. ಎನ್‌ಎವಿ ಅಂದ್ರ "ನಿವ್ವಳ ಆಸ್ತಿ ಮೌಲ್ಯ" ಅಂತ ಅಪ್ಪಗ ಹೇಳಿದ್ರ ಮೊದ್ಲು ಒಂದು ಗೊತ್ತಿರಲಿಲ್ಲ ಈಗ ಮೂರು ಗೊತ್ತಿಲ್ಲ ಅಂದಂಗ ಆಗ್ತೈತಿ. ನಿಮಗ ಬರವಲ್ದು ಅನ್ಸೋದು ಕನ್ನಡದ ತೊಂದರೆ ಅಲ್ಲ, ಇಂಗ್ಲಿಷ್ ಬಲ್ಲ ಮಂದಿಗೂ ಈ ಇಂಗ್ಲಿಷ್ ತಿಳಿಯಂಗಿಲ್ಲ. ಅಮೆರಿಕದಾಗ ಶೇರು ಮಾರ್ಕೆಟ್ ನೋಡ್ಕೊಳ್ಳೋ ಎಸ್‌ಇಸಿ ಅಂತ ಐತಲ್ಲ, ಅವರು 1998ರಾಗ ಕಂಪನಿಗಳಿಗೆ ಶೇರು ಮಾರುವಾಗ ಕೊಡೋ ಮಾಹಿತಿ ಪುಸ್ತಕ, ಅಂದ್ರ ಪ್ರಾಸ್ಪೆಕ್ಟಸ್‌ನ ಮುಖಪುಟ, ಸಾರಾಂಶ, ರಿಸ್ಕ್ ಬರಿಯೋ ಭಾಗ ಇಷ್ಟನ್ನಾದ್ರೂ ಪ್ಲೇನ್ ಇಂಗ್ಲಿಷ್‌ನಾಗ ಬರೀರಿ ಅಂತ ರೂಲ್ ಮಾಡಿ, ಹ್ಯಾಂಗ ಬರೀಬೇಕು ಅಂತ ಒಂದು ಕೈಪಿಡಿನೂ ತಂದ್ರು. ಅದಕ್ಕ ಮುನ್ನುಡಿ ಬರೆದಾತ ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್. ಆತ ಅಲ್ಲಿ ಹೇಳಿದ್ದು ಏನಂದ್ರ, ನಾನು ಕಂಪನಿ ವಾರ್ಷಿಕ ವರದಿ ಬರಿಯುವಾಗ ನನ್ನ ಇಬ್ರು ಅಕ್ಕತಂಗೇರು ಎದುರಿಗೆ ಕೂತಾರ ಅಂತ ತಿಳ್ಕೊಂಡು ಬರೀತೀನಿ, ಅವರು ಶಾಣ್ಯಾರು, ಆದ್ರ ಅಕೌಂಟಿಂಗ್ ಓದಿದವರಲ್ಲ ಅಂತ. ನಿಮಗ ಆ ಎದುರಿಗೆ ಕೂತ ಮನುಷ್ಯ ಮನ್ಯಾಗ ಅದಾನ. ನಿಮ್ಮ ಅಪ್ಪಗ ಎಕರೆಗೆ ಗೊಬ್ಬರ ಎಷ್ಟು, 75 ಕೆಜಿ ಚೀಲದ ರೇಟ್ ಎಷ್ಟು ನಡದೈತಿ, ಯಾವ ಮಿಲ್ಲಿನಾಂವ ರೊಕ್ಕ ತಡ ಮಾಡ್ತಾನ ಎಲ್ಲಾ ಬಾಯಾಗ ಐತಿ. ಆತ ಲೆಕ್ಕ ಬರದಾಂವ ಅಲ್ಲ, ಈ ಶಬ್ದ ಕೇಳಿಲ್ಲ ಅಷ್ಟ.

ನಾನು ಮಾಡೋದು ಹಿಂಗ. ಯಾವ ಶಬ್ದ ಬಂದ್ರೂ ಮೂರು ಮಾತು ಕೇಳ್ತೀನಿ, ರೊಕ್ಕ ಯಾರ ಕೈಯಿಂದ ಯಾರ ಕೈಗೆ ಹೋಗ್ತೈತಿ, ಯಾವಾಗ ಹೋಗ್ತೈತಿ, ಕೆಟ್ರ ಯಾರಿಗೆ ಹೊಡ್ತ. ಈ ಮೂರಕ್ಕ ಉತ್ತರ ಬರಲಿಲ್ಲ ಅಂದ್ರ ಆ ಶಬ್ದ ನನಗ ಗೊತ್ತಿಲ್ಲ ಅಂತನ ಅರ್ಥ, ಡೆಫಿನಿಷನ್ ಎಷ್ಟ ಚಂದ ಬರ್ಲಿ. ಎಕ್ಸಿಟ್ ಲೋಡ್ ತಗೋರಿ. ವರ್ಷದೊಳಗ ರೊಕ್ಕ ತಗದ್ರ ನೂರಕ್ಕ ಒಂದು ರೂಪಾಯಿ ಕಟ್ ಆಗ್ತೈತಿ ಅಂತ ಎಲ್ಲಾರೂ ಹೇಳ್ತಾರ, ಬಹಳಷ್ಟು ಈಕ್ವಿಟಿ, ಅಂದ್ರ ಶೇರಿನ, ಫಂಡ್‌ನಾಗ ಹಂಗನ ಇರ್ತೈತಿ. ಆದ್ರ ಆ ಒಂದು ರೂಪಾಯಿ ಯಾರ ಕೈಗೆ ಹೋತು ಅಂತ ಕೇಳಿದ್ರ ಹತ್ತರಾಗ ಎಂಟು ಮಂದಿ ಫಂಡ್ ನಡಸೋ ಕಂಪನಿಗೆ ಅಂತಾರ. ಅಲ್ಲ, ಅದು ವಾಪಸ್ ಅದಾ ಸ್ಕೀಮಿಗೆ ಜಮಾ ಆಗ್ತೈತಿ, ಅಂದ್ರ ಬಿಟ್ಟು ಹೋಗದ ಉಳಿದವರ ಪಾಲಿಗೆ. ನಡುವ ಎದ್ದು ಹೋಗಾಂವ ಕೂತವರಿಗೆ ಒಂದಿಷ್ಟು ಬಿಟ್ಟು ಹೋಗಬೇಕು ಅನ್ನೋ ನೇಮ ಅದು. "ಯಾರ ಕೈಗೆ" ಅಂತ ಕೇಳದಿದ್ರ ಇದು ನನಗೂ ತಿಳೀತಿರಲಿಲ್ಲ.

ಈಗ ನಿಮ್ಮ ಎನ್‌ಎವಿಗೆ ಬರ್ತೀನಿ, ಇದರಾಗ ನಾನು ಮಾಡಿದ ಒಂದು ತಪ್ಪನ್ನ ಮೊದ್ಲು ಹೇಳಬೇಕು. ನಾ ಈ ಕೆಲಸಕ್ಕ ಬರೋಕಿಂತ ಮೊದ್ಲು ರಾಯಚೂರು ದವಸದ ಮಾರ್ಕೆಟ್, ಅಂದ್ರ ಗಂಜ್‌ನಾಗ ದಲಾಲಿ ಅಂಗಡಿ ಲೆಕ್ಕ ಬರೀತಿದ್ದೆ, ಹಿಂಗಾಗಿ ಬಾಯಿಗೆ ಬಂದಿದ್ದು ಗಂಜ್ ಮಾತು, "ಎನ್‌ಎವಿ ಅಂದ್ರ ರೇಟ್ ನೋಡ್ರಿ, ಇವತ್ತಿನ ರೇಟ್" ಅಂತ ಒಬ್ಬರಿಗೆ ಹೇಳಿಬಿಟ್ಟೆ. ಅವರಿಗೆ ಪೂರಾ ತಿಳೀತು ಅನ್ಸಿತು, ನನಗೂ ಖುಷಿ ಆತು. ಮುಂದಿನ ತಿಂಗಳು ಅವರು ನಾ ಹೇಳಿದ ಹಳೇ ಫಂಡ್ ಬಿಟ್ಟು ಹೊಸದಾಗಿ ಬಂದ ಒಂದು ಫಂಡಿಗೆ ಎಲ್ಲಾ ರೊಕ್ಕ ಹಾಕಿ ಬಂದ್ರು, ಯಾಕ್ರಿ ಅಂದ್ರ "ಅದು ನಾಕುನೂರು ರೂಪಾಯಿ, ಇದು ಹತ್ತ ರೂಪಾಯಿಗೆ ಸಿಗಾಕತ್ತೈತಲ್ರಿ, ಅಗ್ಗ ಐತಿ" ಅಂದ್ರು. ಅವರ ಲೆಕ್ಕ ನೂರಕ್ಕ ನೂರು ಸರಿ ಇತ್ತು, ಹತ್ತಿ ಆಗ್ಲಿ ತೊಗರಿ ಆಗ್ಲಿ ರೇಟ್ ಕಡಿಮಿ ಇದ್ದಾಗ ತಗೋಬೇಕು, ಅದು ಗಂಜ್ ಬುದ್ಧಿ. ತಪ್ಪಿದ್ದು ನನ್ನ ಹೋಲಿಕೆ.

ಅವತ್ತಿನಿಂದ ನಾನು ಕುರಿ ಹಿಂಡಿನ ಲೆಕ್ಕ ಹೇಳ್ತೀನಿ, ನೀವೂ ಅಪ್ಪನ ಮುಂದ ಇದನ್ನ ಕಾಗದದ ಮ್ಯಾಲ ಬರದು ತೋರಸ್ರಿ. ಹತ್ತು ಮಂದಿ ತಲಾ 10,000 ಹಾಕಿ ಒಂದು ಲಕ್ಷದ ಕುರಿ ತಂದ್ರು, ಕಾಯಾಕ ಒಬ್ಬ ಕುರುಬನ್ನ ಇಟ್ರು. ಹಿಂಡನ್ನ ಹತ್ತು ಹತ್ತು ರೂಪಾಯಿಯ ಪಾಲು ಅಂತ ಲೆಕ್ಕಕ್ಕ ಮಾಡಿದ್ರ ಒಟ್ಟು 10,000 ಪಾಲು ಆದ್ವು, ಒಬ್ಬೊಬ್ಬರಿಗೆ ಸಾವಿರ ಪಾಲು. ಎರಡು ವರ್ಷಕ್ಕ ಮರಿ ಹಾಕಿ, ಬೆಲಿ ಏರಿ, ಇವತ್ತು ಹಿಂಡು ಪೂರ್ತಿ ಮಾರಿದ್ರ ಒಂದೂವರೆ ಲಕ್ಷ ಬರ್ತೈತಿ ಅಂದ್ರ ಒಂದು ಪಾಲಿಗೆ 15 ರೂಪಾಯಿ ಬಿತ್ತು. ಹಿಂಡು ಅಂದ್ರ ಫಂಡ್, ಕುರಿ ಅಂದ್ರ ಅದರೊಳಗಿನ ಶೇರು ಬಾಂಡ್, ಕುರುಬ ಅಂದ್ರ ಫಂಡ್ ನಡಸೋ ಕಂಪನಿ, ಆ 15 ರೂಪಾಯಿನ ಎನ್‌ಎವಿ. ದಿನಾ ಸಂಜಿಕ ಹಿಂಡಿನ ಬೆಲಿ ಕಟ್ಟಿ ಪಾಲಿನಿಂದ ಭಾಗಿಸೋದು, ಮುಗೀತು. ಈಗ ನಿಮ್ಮ ಅಪ್ಪ 15,000 ತಗೊಂಡು ಬಂದ್ರ ಈ ಹಿಂಡಿನಾಗ ಸಾವಿರ ಪಾಲು ಸಿಗ್ತಾವ. ಪಕ್ಕದ ಊರಾಗ ಹೊಸಾ ಹಿಂಡು ಕಟ್ಟಾಕತ್ತಾರ, ಅಲ್ಲಿ ಪಾಲು ಹತ್ತ ರೂಪಾಯಿ, ಅದಾ 15,000ಕ್ಕ ಒಂದೂವರೆ ಸಾವಿರ ಪಾಲು. ಎರಡೂ ಹಿಂಡು ನೂರಕ್ಕ ಹತ್ತು ಬೆಳೆದ್ವು ಅಂದ್ರ ಇಲ್ಲಿ ಸಾವಿರ ಪಾಲು ಹದಿನಾರುವರೆಯಂಗ 16,500, ಅಲ್ಲಿ ಒಂದೂವರೆ ಸಾವಿರ ಪಾಲು ಹನ್ನೊಂದರಂಗ ಅದಾ 16,500. ಪಾಲು ಹೆಚ್ಚು ಬಂದ್ರ ಕುರಿ ಹೆಚ್ಚು ಬರಂಗಿಲ್ಲ. ಇಷ್ಟು ಬರದು ತೋರಿಸಿದ್ರ "ಹತ್ತ ರೂಪಾಯಿಗೆ ಅಗ್ಗ" ಅನ್ನೋದು ಅಲ್ಲಿಗೆ ನಿಂತು, ನೋಡಬೇಕಾದ್ದು ಪಾಲಿನ ರೇಟ್ ಅಲ್ಲ ಹಿಂಡ್ಯಾಗ ಎಂಥಾ ಕುರಿ ಅದಾವ, ಕಾಯಾಂವ ಹೆಂಗದಾನ ಅನ್ನೋದು ಅಂತ ಅವರ ಬಾಯಿಂದನ ಬರ್ತೈತಿ.

ಎಯುಎಂ ಅಂದ್ರ ಹಿಂಡು ಪೂರ್ತಿ ಬೆಲಿ. ಎನ್‌ಎಫ್‌ಒ ಅಂದ್ರ ಹೊಸಾ ಹಿಂಡು ಕಟ್ಟೋದು. ಎಸ್‌ಐಪಿ ಅನ್ನೋದು ಹಿಂಡ ಅಲ್ಲ, ತಿಂಗಳ ತಿಂಗಳ ಒಂದಿಷ್ಟು ಪಾಲು ಕೊಳ್ಳೋ ರೀತಿ, "ನಾ ಎಸ್‌ಐಪಿ ಮಾಡೇನಿ" ಅನ್ನೋರಿಗೆ ಯಾವುದರಾಗ ಅಂತ ಕೇಳಿದ್ರ ಭಾಳ ಮಂದಿ ಸುಮ್ನಾಗ್ತಾರ.

ಆದ್ರ ಒಂದು ಮಾತು ಗಟ್ಟಿ ನೆನಪಿಡ್ರಿ, ಹೋಲಿಕೆ ಕೊಟ್ಟಮ್ಯಾಲ ಅದು ಎಲ್ಲಿ ಮುರೀತೈತಿ ಅಂತನೂ ಅದಾ ಉಸಿರಿನಾಗ ಹೇಳಬೇಕು. ಕುರುಬ ಒಂದು ಕುರಿ ಮಾರ್ಕೊಂಡು ತ್ವಾಳ ಹೊತ್ಕೊಂಡು ಹೋತು ಅಂತ ಹೇಳಬಹುದು, ಫಂಡ್‌ನಾಗ ಹಂಗ ಆಗದಂಗ ಶೇರು ಬಾಂಡ್ ಎಲ್ಲಾ ಕಸ್ಟೋಡಿಯನ್ ಅನ್ನೋ ಬ್ಯಾರೇದವರ ಹತ್ರ ಇರ್ತಾವ, ಮ್ಯಾಲ ಟ್ರಸ್ಟಿಗಳು, ಅವರ ಮ್ಯಾಲ ನಮ್ಮ ದೇಶದ ಶೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿ. ಇನ್ನೊಂದು, ಕುರಿ ಸುಮ್ನ ಬಿಟ್ರೂ ಮರಿ ಹಾಕ್ತೈತಿ, ಶೇರು ಹಂಗ ತಾನ ಬೆಳೀತೈತಿ ಅಂತಿಲ್ಲ, ಕಂಪನಿ ದುಡಿದ್ರ ಮಾತ್ರ. ಇದನ್ನ ಬಿಟ್ರ ನಾನು "ರೇಟ್" ಅಂದು ಮಾಡಿದ ತಪ್ಪನ್ನ ನೀವು "ಕುರಿ" ಅಂದು ಮಾಡ್ತೀರಿ.

ಎಕ್ಸ್‌ಪೆನ್ಸ್ ರೇಶಿಯೋ ಅಂದ್ರ ಆ ಕುರುಬನ ಕೂಲಿ, ಮರಿ ಹಾಕ್ಲಿ ಬಿಡ್ಲಿ ಕೊಡಬೇಕು. ಇದನ್ನ ಹೇಳಾಕ ನನಗ ಗಂಜ್ ಪಟ್ಟಿನ ಚಲೋ ಸಹಾಯ ಆತು. ನಿಮ್ಮ ಅಪ್ಪ ಮಾಲು ಹಾಕಿ ಬಂದಾಗ ಕೈಗೆ ಪಟ್ಟಿ ಬರ್ತೈತಿ, ತೂಕ ಇಷ್ಟು, ರೇಟ್ ಇಷ್ಟು, ಕೆಳಗ ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಮೊದಲ ಒಯ್ದ ಅಡ್ವಾನ್ಸ್ ಇಷ್ಟು, ಎಲ್ಲಾ ಕಳದು ಕೈಗೆ ಇಷ್ಟು. ಹಮಾಲಿ ಎರಡು ರೂಪಾಯಿ ಹೆಚ್ಚು ಬಿದ್ರೂ ಅಲ್ಲೇ ನಿಂತು ಜಗಳ ತೆಗೀತಾರ. ಫಂಡ್ ಸ್ಟೇಟ್‌ಮೆಂಟ್‌ನಾಗ ಆ ಹಮಾಲಿಯಂಥಾ ಸಾಲು ಇರಂಗಿಲ್ಲ, ಯಾಕಂದ್ರ ಖರ್ಚನ್ನ ದಿನಾ ಒಂದಿಷ್ಟು ಕಳದಮ್ಯಾಲನ ಎನ್‌ಎವಿ ಹೇಳ್ತಾರ, ಪಟ್ಟಿ ಕೈಗೆ ಬರೋದ್ರಾಗ ಕಟಾವು ಮುಗದಿರ್ತೈತಿ. ಕಾಣಂಗಿಲ್ಲ ಅಂದ್ರ ಇಲ್ಲ ಅಂತಲ್ಲ. ಒಂದು ಲಕ್ಷ 20 ವರ್ಷ ಬಿಟ್ರ, ವರ್ಷಕ್ಕ 11% ಬೆಳೆದ್ರ ಎಂಟು ಲಕ್ಷದ ಮ್ಯಾಲ ಆಗ್ತೈತಿ, 10% ಬೆಳೆದ್ರ ಆರು ಲಕ್ಷ ಎಪ್ಪತ್ತು ಸಾವಿರದ ಆಸುಪಾಸು. ಖರ್ಚಿನಾಗ ನೂರಕ್ಕ ಒಂದ ರೂಪಾಯಿ ಫರಕು, ಕಡೀಕ ಒಂದು ಲಕ್ಷ ಮೂವತ್ತು ಸಾವಿರ. ಹಾಕಿದ್ದು ಒಂದು ಲಕ್ಷ, ಫರಕು ಅದಕ್ಕಿಂತ ಹೆಚ್ಚು. ಇದನ್ನ ಪರ್ಸೆಂಟ್‌ನಾಗ ಹೇಳಬ್ಯಾಡ್ರಿ, ರೂಪಾಯಿನಾಗ ಹೇಳ್ರಿ, ಪರ್ಸೆಂಟ್ ಯಾರಿಗೂ ನೋವು ಮಾಡಂಗಿಲ್ಲ.

ಈಗ ರಿಟರ್ನ್. ಇಲ್ಲೇ ನಮ್ಮ ಮಂದಿ ಭಾಳ ಮೋಸ ಹೋಗೋದು, ಇದನ್ನ ಸ್ವಲ್ಪ ಕೂತು ಓದ್ರಿ. ನಮ್ಮ ಕಡೆ ಹಿರ್ಯಾರು ಬಡ್ಡಿನ ವರ್ಷಕ್ಕ ಇಷ್ಟು ಪರ್ಸೆಂಟ್ ಅಂತ ಎಂದೂ ಹೇಳಂಗಿಲ್ಲ, ನೂರಕ್ಕ ತಿಂಗಳಿಗೆ ಎಷ್ಟು ಅಂತ ಹೇಳ್ತಾರ, ಒಂದು ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ, ಎಂಟಾಣೆ ಬಡ್ಡಿ. ಹಂಗಾರ ನಮ್ಮ ಲೆಕ್ಕಾನೂ ಅವರ ಮಾತಿಗೆ ಬರ್ಲಿ. ವರ್ಷಕ್ಕ 12% ಅಂದ್ರ ಒಂದು ರೂಪಾಯಿ ಬಡ್ಡಿ, 6% ಅಂದ್ರ ಎಂಟಾಣೆ, 3% ಅಂದ್ರ ನಾಲ್ಕಾಣೆ.

ಮಾನ್ವಿ ಕಡೆಯ ಒಬ್ಬ ಹಿರ್ಯಾರು ನನ್ನ ಹತ್ರ ಬಂದಿದ್ರು, ಪ್ಲಾಸ್ಟಿಕ್ ಕವರಿನಾಗ ಸುತ್ತಿದ ಒಂದು ಪಾಲಿಸಿ ಬಾಂಡ್ ತಂದಿದ್ರು, ಅದನ್ನ ಟೇಬಲ್ ಮ್ಯಾಲ ಇಡೋಕಿಂತ ಮೊದ್ಲು ಟವಲ್ಲಿಂದ ಟೇಬಲ್ ಒರೆಸಿದ್ರು. ವರ್ಷಕ್ಕ ಒಂದು ಲಕ್ಷದಂಗ ಹತ್ತು ವರ್ಷ ಕಟ್ಟೋದು, ಇಪ್ಪತ್ತನೇ ವರ್ಷ ಇಪ್ಪತ್ತು ಲಕ್ಷ ಬರ್ತೈತಿ, "ರೊಕ್ಕ ಡಬಲ್, ನೂರು ಪರ್ಸೆಂಟ್ ಲಾಭ" ಅಂತ ಮಾಡಿಸಿದಾತ ಹೇಳಿದ್ದ. ನಾ ಕೇಳಿದೆ, ಅಪ್ಪಾರ, ರೊಕ್ಕ ಎಷ್ಟು ವರ್ಷ ಅಲ್ಲಿ ಕೂತಿತ್ತು? ಮೊದಲನೇ ಲಕ್ಷ ಇಪ್ಪತ್ತು ವರ್ಷ ಕೂತೈತಿ, ಹತ್ತನೇ ಲಕ್ಷ ಹನ್ನೊಂದು ವರ್ಷ, ಸರಾಸರಿ ಹದಿನೈದೂವರೆ ವರ್ಷ. 72ನ್ನ ಡಬಲ್ ಆಗೋ ವರ್ಷದಿಂದ ಭಾಗಿಸಿದ್ರ ಹೆಚ್ಚುಕಮ್ಮಿ ವಾರ್ಷಿಕ ಬಡ್ಡಿ ಬರ್ತೈತಿ, ಇಲ್ಲಿ ಬಂದಿದ್ದು ನಾಲ್ಕೂವರೆಯ ಆಸುಪಾಸು. ಆರಾಣೆ ಬಡ್ಡಿ ಆತ್ರಿ ಅಪ್ಪಾರ, ಅಂದೆ. ಅವರು ಕನ್ನಡಕ ತಗದು ಕೈಯಾಗ ಹಿಡ್ಕೊಂಡ್ರು, ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮ್ಯಾಲ ಅಂದ್ರು, "ಎರಡು ವರ್ಷ ಮಳಿ ಆಗಲಿಲ್ಲ, ಇದರ ಕಂತು ತಪ್ಪಬಾರದು ಅಂತ ಎರಡು ರೂಪಾಯಿ ಬಡ್ಡಿಗೆ ತಂದು ಕಟ್ಟೇನಿ." ವರ್ಷಕ್ಕ ನೂರಕ್ಕ 24 ಕೊಟ್ಟು ತಂದು ನಾಲ್ಕೂವರೆ ಬರೋದಕ್ಕ ಕಟ್ಯಾರ. "ನಾಲ್ಕೂವರೆ ಪರ್ಸೆಂಟ್ ಐಆರ್‌ಆರ್" ಅಂತ ನಾ ಹೇಳಿದ್ರ ಅವರು ತಲಿ ಅಲ್ಲಾಡಿಸಿ ಎದ್ದು ಹೋಗ್ತಿದ್ರು, "ಆರಾಣೆ" ಅಂದಿದ್ದಕ್ಕ ತಿಳೀತು. ಆ ಕಂತಿನಾಗ ಜೀವವಿಮೆನೂ ಸೇರಿತ್ತು, ಅದನ್ನ ಹೇಳದ ಬರೇ ಬಡ್ಡಿ ಹೇಳಿದ್ರ ನಾವೂ ಅರ್ಧ ಸತ್ಯ ಹೇಳಿದಂಗ, ಅವತ್ತು ಅದನ್ನೂ ಹೇಳೇನಿ, ಅಷ್ಟಾ ವಿಮೆ ಸತ್ರ ಮಾತ್ರ ರೊಕ್ಕ ಬರೋ ಬರೇ ಟರ್ಮ್ ಪಾಲಿಸಿಯಾಗ ಎಷ್ಟಕ್ಕ ಸಿಗ್ತಿತ್ತು ಅನ್ನೋದನ್ನೂ ಹೇಳೇನಿ. ಪಾಲಿಸಿ ಕೈಗೆ ಬಂದು 30 ದಿನದೊಳಗ ಬ್ಯಾಡ ಅಂತ ವಾಪಸ್ ಕೊಡೋ ಫ್ರೀ ಲುಕ್ ಅವಕಾಶ ಈಗ ಐತಿ, ಮೊದ್ಲು 15 ದಿನ ಇತ್ತು. ಆ ಶಬ್ದ ಬಾಂಡಿನಾಗ ಇಂಗ್ಲಿಷ್‌ನಾಗ ಅಚ್ಚಾಗಿ ಕೂತಿತ್ತು, ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಇದಾ "ಎಷ್ಟು ದಿನ ಕೂತಿತ್ತು" ಅನ್ನೋ ಪ್ರಶ್ನೆ ಉಲ್ಟಾನೂ ಕೆಲಸ ಮಾಡ್ತೈತಿ. ತಿಂಗಳಿಗೆ 5,000 ಎಸ್‌ಐಪಿ ಒಂದು ವರ್ಷ ಕಟ್ಟಿದ್ರಿ, 60,000 ಹೋಗಿ 63,350 ಆಗೈತಿ, ಆ್ಯಪ್‌ನಾಗ ಆ್ಯಬ್ಸಲ್ಯೂಟ್ ರಿಟರ್ನ್ (ದಿನದ ಲೆಕ್ಕ ಹಿಡೀದ ಒಟ್ಟು ಲಾಭ) ನೂರಕ್ಕ ಐದೂವರೆ ಅಂತ ತೋರಿಸ್ತೈತಿ, ಅಪ್ಪ "ಇದಕ್ಕಿಂತ ಎಫ್‌ಡಿನ ಚಲೋ ಇತ್ತಲ್ಲವಾ" ಅಂತಾರ. ಆದ್ರ ಮೊದಲನೇ ಐದು ಸಾವಿರ ಹನ್ನೆರಡು ತಿಂಗಳು ಕೂತೈತಿ, ಕಡೇದು ಒಂದ ತಿಂಗಳು. ಒಂದೊಂದು ಕಂತಿನ ದಿನ ಲೆಕ್ಕ ಹಿಡಿದು ತಗದ್ರ ವರ್ಷಕ್ಕ ಹತ್ತರ ಮ್ಯಾಲ ಬರ್ತೈತಿ, ಅದಾ ಎಕ್ಸ್‌ಐಆರ್‌ಆರ್. ಕೈಸಾಲದಾಗ ಬಡ್ಡಿ ಕೊಟ್ಟ ದಿನದಿಂದ ಓಡ್ತೈತಲ್ಲ, ಅದಾ ಲೆಕ್ಕ.

ಗ್ಯಾರಂಟಿ ಅನ್ನೋ ಶಬ್ದ ಬಂದ್ರ ಮಾತ್ರ ಒಂದ ಪ್ರಶ್ನೆ ಸಾಕು, ಯಾರು ಕೊಡೋರು, ಎಷ್ಟಕ್ಕ ಕೊಡೋರು. ಬ್ಯಾಂಕ್ ಎಫ್‌ಡಿ ಅಂದ್ರ ಬ್ಯಾಂಕ್ ಮುಳುಗಿದ್ರ ಡಿಐಸಿಜಿಸಿ ಅನ್ನೋ ಸಂಸ್ಥೆ ಒಬ್ಬರಿಗೆ ಒಂದು ಬ್ಯಾಂಕಿನಾಗ ಅಸಲು ಬಡ್ಡಿ ಸೇರಿ 5 ಲಕ್ಷದ ತನಕ ಕೊಡ್ತೈತಿ, 2020ರ ಫೆಬ್ರವರಿ ತನಕ ಅದು ಒಂದ ಲಕ್ಷ ಇತ್ತು. ಬ್ಯಾಂಕ್ ಲೈಸೆನ್ಸ್ ಇಲ್ಲದ ಪತ್ತಿನ ಸಂಘ, ಸೌಹಾರ್ದದಾಗ ಇಟ್ಟ ಠೇವಣಿಗೆ ಈ ವಿಮೆ ಇಲ್ಲ, ಬೋರ್ಡ್ ಎಷ್ಟ ದೊಡ್ಡದಿರ್ಲಿ. ನಮ್ಮ ಕಡೆ ಈ ಎರಡನ್ನ ಒಂದಾ ಅಂತ ತಿಳ್ಕೊಂಡವರು ಭಾಳ ಅದಾರ, ಇದನ್ನ ಸಿಕ್ಕ ಸಿಕ್ಕಲ್ಲಿ ಹೇಳ್ರಿ. ಇನ್ನ ತಿಂಗಳಿಗೆ 10% ಗ್ಯಾರಂಟಿ ಅಂತ ಮೊಬೈಲಿಗೆ ಮೆಸೇಜ್ ಬಂತು ಅಂದ್ರ ಅಪ್ಪಗ "ಹತ್ತು ರೂಪಾಯಿ ಬಡ್ಡಿ ಕೊಡ್ತಾರಂತ" ಅಂತ ಕನ್ನಡ ಮಾಡಿ ಹೇಳ್ರಿ ಸಾಕು, ಹತ್ತು ರೂಪಾಯಿ ಬಡ್ಡಿಗೆ ಸಾಲ ಕೇಳೋನು ಎಂಥಾ ಕಷ್ಟದಾಗ ಇರ್ತಾನ, ವಾಪಸ್ ಕೊಡ್ತಾನೋ ಇಲ್ಲೋ, ಅದು ಅವರಿಗೆ ನಿಮಗಿಂತ ಚಲೋ ಗೊತ್ತೈತಿ.

ರಿಸ್ಕ್ ಅನ್ನೋದನ್ನ "ಅಪಾಯ" ಅಂದ್ರ ಅಂಜ್ತಾರ, "ಏರಿಳಿತ" ಅಂದ್ರ ಹಗುರ ತಗೋತಾರ, ಎರಡೂ ಪೂರ್ತಿ ಅಲ್ಲ. ಪ್ರತಿ ಫಂಡಿಗೂ ರಿಸ್ಕೋಮೀಟರ್ ಅಂತ ಆರು ಹಂತದ ಮುಳ್ಳು ಇರ್ತೈತಿ, ಲೋ ಇಂದ ವೆರಿ ಹೈ ತನಕ, ಅದನ್ನ ತೋರಸ್ರಿ, ಆದ್ರ ಅದರ ಹಿಂದಿನ ಮಾತು ನೀವ ಹೇಳಬೇಕು. ನೀವು ತುಂಗಭದ್ರಾ ಕಾಲುವಿ ನೀರಿನ ಮ್ಯಾಲ ಇರೋರು, ನಿಮ್ಮ ಅಪ್ಪಗ ಎರಡು ಥರದ ಅಂಜಿಕೆ ಗೊತ್ತೈತಿ. ಕಾಲುವಿನಾಗ ನೀರು ಒಂದು ವಾರ ಕಡಿಮಿ ಒಂದು ವಾರ ಹೆಚ್ಚು ಬರೋದು ಒಂದು ಥರ, ತಡ್ಕೊಂಡ್ರ ಬೆಳಿ ಬರ್ತೈತಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡದು ಗೇಟ್ ಕೊಚ್ಚಿ ಹೋತಲ್ಲ, ಡ್ಯಾಮ್ ತುಂಬೈತಿ ಈ ಸಲ ಚಿಂತಿ ಇಲ್ಲ ಅಂತ ಎಲ್ಲಾರೂ ನಾಟಿ ಹಚ್ಚಿದ್ದಾಗ, ಅದು ಇನ್ನೊಂದು ಥರ. ಮಾರ್ಕೆಟ್ಟಿನ ಸೂಚ್ಯಂಕದಾಗ ಇರೋ ಎಲ್ಲಾ ಕಂಪನಿ ಶೇರು ಒಂದಿಷ್ಟು ಇಟ್ಟ ಇಂಡೆಕ್ಸ್ ಫಂಡ್ ಆರು ತಿಂಗಳು ಕೆಳಗ ಹೋಗೋದು ಮೊದಲನೇದು. ಒಂದ ಕಂಪನಿ ಶೇರಿಗೆ ಎಲ್ಲಾ ರೊಕ್ಕ ಹಾಕಿ ಆ ಕಂಪನಿನ ಮುಚ್ಚಿ ಹೋಗೋದು ಎರಡನೇದು. ತಡ್ಕೊಳ್ರಿ ಅಂತ ಮೊದಲನೇದಕ್ಕ ಹೇಳಬಹುದು, ಎರಡನೇದಕ್ಕ ಹೇಳಬಾರದು.

ಇಂಗ್ಲಿಷ್‌ನಾಗ ಸರಳ ಹೇಳೋದೂ ಇದಾ ದಾರಿ. ಟೋಟಲ್ ಎಕ್ಸ್‌ಪೆನ್ಸ್ ರೇಶಿಯೋ ಈಸ್ ದಿ ಪರ್ಸೆಂಟೇಜ್ ಆಫ್ ಅಂತ ಶುರು ಮಾಡಬ್ಯಾಡ್ರಿ. ವಾಕ್ಯದಾಗ ಒಬ್ಬ ಮನುಷ್ಯ ಇರ್ಲಿ, ಆತ ಏನಾರ ಮಾಡ್ಲಿ, "ಎವ್ರಿ ಇಯರ್ ದಿ ಫಂಡ್ ಟೇಕ್ಸ್ ಒನ್ ರೂಪೀ ಔಟ್ ಆಫ್ ಎವ್ರಿ ಹಂಡ್ರೆಡ್ ಯು ಕೀಪ್ ವಿತ್ ಇಟ್." ಹತ್ತನೇ ಕ್ಲಾಸಿನ ಇಂಗ್ಲಿಷ್ ಸಾಕು. ನಾನು ಒಂದು ನೋಟ್‌ಬುಕ್ ಇಟ್ಟೇನಿ, ಎಡಕ್ಕ ಶಬ್ದ, ಬಲಕ್ಕ ಯಾರು ಯಾರಿಗೆ ಯಾವಾಗ ಎಷ್ಟು ಕೊಡ್ತಾರ ಅಂತ ಒಂದ ಸಾಲು, ಅದರ ಕೆಳಗ ಕೇಳಿದವರು ವಾಪಸ್ ನನಗ ಹೇಳಿದ್ದನ್ನ ಅವರ ಮಾತಿನಾಗ ಬರೀತೀನಿ. ಆ ಕೆಳಗಿನ ಸಾಲು ಮುಖ್ಯ. "ತಿಳೀತಾ" ಅಂತ ಕೇಳಬ್ಯಾಡ್ರಿ, ಎಲ್ಲಾರೂ ಹೂಂ ಅಂತಾರ. "ಅವ್ವಗ ಇದನ್ನ ನೀವ ಹೇಳ್ರಿ ನೋಡೋಣು" ಅಂತ ಅಪ್ಪಗ ಹೇಳ್ರಿ, ಅವರು ಹೇಳುವಾಗ ಎಲ್ಲಿ ತಡೀತಾರೋ ನಿಮ್ಮ ತಿಳುವಳಿಕೆನೂ ಅಲ್ಲೇ ಪೊಳ್ಳು ಐತಿ ಅಂತ ತಿಳೀರಿ.

ಕಡೀಕ ಒಂದು ಮಾತು, ನೀವು ಡಿಸ್ಟ್ರಿಬ್ಯೂಟರ್ ಆಗೋರು ಅಂತ ಹೇಳಾಕತ್ತೇನಿ. ಡೈರೆಕ್ಟ್ ಪ್ಲಾನ್, ರೆಗ್ಯುಲರ್ ಪ್ಲಾನ್ ಅನ್ನೋ ಶಬ್ದ ನಿಮ್ಮ ಬಾಯಿಗೆ ಎಲ್ಲಕ್ಕಿಂತ ಕಷ್ಟ ಆಗ್ತಾವ, ಯಾಕಂದ್ರ ಅಲ್ಲಿ "ಯಾರ ಕೈಗೆ" ಅಂತ ಕೇಳಿದ್ರ ಉತ್ತರ ನೀವಾ. 2013ರ ಜನವರಿಯಿಂದ ಒಂದಾ ಹಿಂಡಿಗೆ ಎರಡು ಬಾಗಿಲು ಅದಾವ, ಸೀದಾ ಹೋದ್ರ ಖರ್ಚು ಕಡಿಮಿ, ನಿಮ್ಮ ಕೈಯಿಂದ ಹೋದ್ರ ಹೆಚ್ಚಾದ ಖರ್ಚಿನಾಗ ಒಂದು ಭಾಗ ಟ್ರೇಲ್ ಕಮಿಷನ್ ಅಂತ ರೊಕ್ಕ ಅಲ್ಲಿರೋ ತನಕ ನಿಮಗ ಬರ್ತೈತಿ. ಇದರಾಗ ನಾಚಿಕೆ ಪಡೋದು ಏನಿಲ್ಲ, ನೀವು ಊರೂರು ತಿರುಗಿ ಫಾರ್ಮ್ ತುಂಬಿಸಿ, ಮಾರ್ಕೆಟ್ ಬಿದ್ದಾಗ ಅಂಜಿದವರಿಗೆ ಧೈರ್ಯ ಹೇಳೋ ದುಡಿಮಿಗೆ ಅದು ಕೂಲಿ, ಆದ್ರ ಹೇಳದ ಮುಚ್ಚಿಡೋದು ಸರಿ ಅಲ್ಲ. ಗಿರಾಕಿಗೆ ಅವರ ಎಲ್ಲಾ ಫಂಡ್ ಒಂದಾ ಕಡೆ ತೋರಿಸಿ ಆರು ತಿಂಗಳಿಗೊಮ್ಮೆ ಬರೋ ಸಿಎಎಸ್ ಸ್ಟೇಟ್‌ಮೆಂಟ್‌ನಾಗ ಆ ಕಮಿಷನ್ ರೂಪಾಯಿನಾಗ ಅಚ್ಚಾಗಿ ಬಂದಿರ್ತೈತಿ, ಭಾಳ ಮಂದಿ ಆ ಪುಟ ತಿರುವಿ ನೋಡಿರಂಗಿಲ್ಲ. ಮೊದಲನೇ ಗಿರಾಕಿ ಮನಿಗೆ ಹೋದಾಗ ಎನ್‌ಎವಿಗಿಂತ ಮೊದ್ಲು ಇದನ್ನ ಹೇಳ್ರಿ, "ಅಕ್ಕಾರ, ನೀವು ಒಂದು ಲಕ್ಷ ಇಟ್ರ ವರ್ಷಕ್ಕ ನನಗ ಇಷ್ಟು ರೂಪಾಯಿ ಬರ್ತೈತಿ, ಇದು ನಿಮ್ಮ ರೊಕ್ಕದಾಗಿಂದನ ಬರ್ತೈತಿ" ಅಂತ. ಮನ್ಯಾಗ ಅಪ್ಪನ ಮುಂದ ಕೂತು ಒಂದೆರಡು ಸಲ ಹೇಳಿ ರೂಢಿ ಮಾಡ್ಕೊಂಡು ಹೋಗ್ರಿ. ಆಮ್ಯಾಲೂ ಯಾವುದಾರ ಶಬ್ದ ತಡದ್ರ ಅಪ್ಪ ಏನ್ ಕೇಳಿದ್ರು ಅನ್ನೋದನ್ನ ಅವರ ಮಾತಿನಾಗನ ಬರದು ಕಳಸ್ರಿ.